ಪ್ರಾರ್ಥನೆಯ ಮೈಕಿನಲ್ಲಿ ಬಂದ ಸುಳ್ಳು

ಕುಬಸದ ಮನೆಯಲ್ಲಿ ಎಲ್ಲವೂ ಇತ್ತು. ಹೋಳಿಗೆ ಇತ್ತು, ಮಾದಲಿ ಇತ್ತು, ಹಾಡು ಹೇಳುವ ಮುದುಕಿಯರಿದ್ದರು, ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತ ಏಳು ತಿಂಗಳ ಬಸುರಿ ಇದ್ದಳು. ಬಳೆ ತೊಡಿಸುವವಳು ಮಾತ್ರ ಬಂದಿರಲಿಲ್ಲ.

ಬಸುರಿ ನನ್ನ ಅಕ್ಕ ಗೌರಕ್ಕನ ಮಗಳು ಸವಿತಾ. ಊರು ಮನಗೂಳಿಯಿಂದ ಅಷ್ಟೇನೂ ದೂರವಿಲ್ಲದ ಒಂದು ಹಳ್ಳಿ. (ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರೆಲ್ಲ 'ಸದ್ಯ, ನಮ್ಮದಲ್ಲ' ಎಂದು ಚಹಾ ಕುಡಿಯಲು ಹೋಗುತ್ತಾರೆ.) ನಾನು ಮುದ್ದೇಬಿಹಾಳದಿಂದ ಹಿಂದಿನ ದಿನವೇ ಹೋಗಿ ಅಲ್ಲಿ ಬೀಡುಬಿಟ್ಟಿದ್ದೆ.

ಅಕ್ಕನ ಮನೆಗೆ ಬಳೆ ತೊಡಿಸುವವಳು ಮನಗೂಳಿಯ ಮಾಬೂಬಿ. ಅಕ್ಕ ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅವಳೇ. ಬೇರೆಯವರ ಕೈಯಲ್ಲಿ ಆ ಮನೆಯ ಹೆಣ್ಣುಮಕ್ಕಳು ಬಳೆ ತೊಟ್ಟವರಲ್ಲ. ಆದರೆ ಮಾಬೂಬಿಗೆ ಈಗ ಮೊಣಕಾಲು ನೋವು, ಬಸ್ ಹತ್ತಲು ಆಗುವುದಿಲ್ಲ. "ಸೊಸಿನ್ನ ಕಳಸ್ತೇನಿ. ಆಕಿ ಕೈನೂ ಹಗೂರ ಐತಿ," ಎಂದು ಫೋನಿನಲ್ಲಿ ಹೇಳಿದ್ದಳು. ಸೊಸೆಯ ಹೆಸರು ಶಬಾನಾ. ಸಿಂದಗಿ ಕಡೆಯ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಈ ಊರಿಗೆ ಅವಳು ಬರುತ್ತಿದ್ದದ್ದು ಅದೇ ಮೊದಲು.

ಹತ್ತು ಗಂಟೆಯ ಬಸ್ಸು ಬಂತು, ಹೋಯಿತು. ಶಬಾನಾಳ ಸುಳಿವಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಶಾಂತವ್ವ ಏದುಸಿರು ಬಿಡುತ್ತ ಒಳಗೆ ಬಂದಳು.

"ಗೌರಕ್ಕಾ, ಬಸ್‌ಸ್ಟ್ಯಾಂಡಿನ್ಯಾಗ ಮಕ್ಕಳ ಕಳ್ಳಿ ಸಿಕ್ಕಾಳಂತ! ಬಳಿಗಾರ್ತಿ ವೇಷ ಹಾಕ್ಕೊಂಡ ಬಂದಾಳಂತ!"

ಅಕ್ಕ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟಳು. ಇಬ್ಬರೂ ಓಡಿದೆವು. (ನಮ್ಮ ವಯಸ್ಸಿನಲ್ಲಿ ಅದನ್ನು ಓಟ ಎನ್ನಬಹುದಾದರೆ.)

ಚಹಾ ಅಂಗಡಿಯ ಮುಂದೆ ಜನ ಗುಂಪುಗಟ್ಟಿ ನಿಂತಿದ್ದರು. ನಡುವೆ ಆ ಹುಡುಗಿ. ಅವಳ ಬಳೆಯ ಚೀಲವನ್ನು ಯಾರೋ ಪುಣ್ಯಾತ್ಮರು ನೆಲಕ್ಕೆ ಸುರುವಿದ್ದರು. ಹಸಿರು ಬಳೆಗಳು ಧೂಳಿನಲ್ಲಿ ಬಿದ್ದಿದ್ದವು, ಅರ್ಧಕ್ಕರ್ಧ ಚೂರಾಗಿದ್ದವು. ಒಬ್ಬ ಆಧಾರ್ ಕಾರ್ಡ್ ಕೇಳುತ್ತಿದ್ದ. ಇನ್ನೊಬ್ಬ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದ. ಅವಳು ಒಂದೇ ಮಾತನ್ನು ಹೇಳುತ್ತಿದ್ದಳು. "ಗೌರಕ್ಕನ ಮನಿಗೆ ಬಂದೇನ್ರಿ. ಕುಬಸ ಐತ್ರಿ."

"ಹಂಗ ಮನಿ ಹೆಸರ ಹೇಳ್ಕೊಂಡ ಬರ್ತಾರಂತ," ಎಂದ ಒಬ್ಬ ದೊಡ್ಡ ಮನುಷ್ಯ. "ಸಾಲ್ಯಾಗ ಮೈಕಿನ್ಯಾಗ ಹೇಳ್ಯಾರ."

ಅಕ್ಕ ಗುಂಪಿನೊಳಗೆ ನುಗ್ಗಿದಳು. "ಮಾಬೂಬಿ ಸೊಸಿ ಆಕಿ! ನಿಮ್ಮ ಹೇಣ್ತಿ ಕೈಯಾಗಿನ ಬಳಿ ಯಾರ ತೊಡಿಸ್ಯಾರ, ಕೇಳ್ರಿ ಹೋಗ್ರಿ ಮನ್ಯಾಗ! ನಾಚಿಗಿ ಬರಂಗಿಲ್ಲೇನ ನಿಮಗ?" ಗುಂಪು ಕರಗಿತು. 'ತಪ್ಪಾಯಿತು' ಎಂದವರು ಒಬ್ಬರಾದರೂ ಇದ್ದರೇ? ಇಲ್ಲ. 'ನಮಗೇನ ಗೊತ್ರಿ, ಸಾಲ್ಯಾಗ ಹೇಳಿದ್ರು' ಎಂದವರು ಮಾತ್ರ ಬಹಳ ಮಂದಿ.

ಶಬಾನಾ ಅಳಲಿಲ್ಲ. ಕೂತು, ಒಡೆಯದ ಬಳೆಗಳನ್ನು ಒಂದೊಂದಾಗಿ ಆರಿಸಿ, ಸೆರಗಿನಲ್ಲಿ ಒರೆಸಿ ಅಕ್ಕನ ಕೈಗಿಟ್ಟಳು. "ಇವು ಚಲೋ ಅದಾವ್ರಿ. ನೀವ ತೊಡಸ್ರಿ. ಆ ಊರು ನಮ್ಮ ಮನಿ ಇದ್ದಂಗ ಅಂತ ಅತ್ತಿ ಹೇಳಿ ಕಳಿಸಿದ್ಲ್ರಿ," ಎಂದಳು. ನಾವು ಎಷ್ಟು ಅಂಗಲಾಚಿದರೂ ಮನೆಗೆ ಬರಲಿಲ್ಲ. ಮುಂದಿನ ಬಸ್ ಹತ್ತಿ ಹೋದಳು.

ಸವಿತಾಳ ಕೈಗೆ ಆ ಬಳೆಗಳನ್ನು ಸೋಪು ಹಚ್ಚಿ ನಾವೇ ತೊಡಿಸಿದೆವು. ಅವಳು ಕೈ ಚಾಚಿ ಕೂತಿದ್ದಳು. ಮುದುಕಿಯರು ಹಾಡು ಮರೆತಿದ್ದರು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಸಾಲ್ಯಾಗ ಹೇಳ್ಯಾರ. ಏನು ಹೇಳ್ಯಾರ? ಯಾರು ಹೇಳ್ಯಾರ?

ಉತ್ತರ ನಮ್ಮ ಮನೆಯಲ್ಲೇ ಇತ್ತು. ಅಕ್ಕನ ಮೊಮ್ಮಗಳು ಭಾಗ್ಯ ಅದೇ ಊರ ಸರಕಾರಿ ಶಾಲೆಯಲ್ಲಿ ಏಳನೇ ತರಗತಿ. ಕುಬಸಕ್ಕೆಂದು ಅರ್ಧ ದಿನಕ್ಕೇ ಮನೆಗೆ ಬಂದವಳು, ವಿಷಯ ತಿಳಿದದ್ದೇ ತಡ, ಅಡುಗೆಮನೆಯ ಮೂಲೆ ಸೇರಿ ಬಿಕ್ಕುತ್ತಿದ್ದಳು. "ಸಣ್ಣಾಯಿ, ಅದನ್ನ ಓದಿದಾಕಿ ನಾನ," ಎಂದಳು. (ನನ್ನನ್ನು ಅವಳು ಕರೆಯುವುದು ಹಾಗೆ. ಆಯಿ ಎಂದರೆ ಅಜ್ಜಿ. 'ಸಣ್ಣ' ಇದೆ ಎಂಬ ಒಂದೇ ಕಾರಣಕ್ಕೆ 'ಆಯಿ'ಯನ್ನು ಸಹಿಸಿಕೊಂಡಿದ್ದೇನೆ.)

ನಿಮಗೆಲ್ಲ ಗೊತ್ತಿರುವ ಪದ್ಧತಿಯೇ. ಬೆಳಗಿನ ಪ್ರಾರ್ಥನೆ ಆದ ಮೇಲೆ ಒಂದು ಮಗು ಮುಂದೆ ಬಂದು ವಾರ್ತೆ ಓದುತ್ತದೆ. ನಾವೂ ಓದಿದವರೇ. ಎದೆ ಡವಡವ ಎನ್ನುತ್ತಿದ್ದರೂ ಆಕಾಶವಾಣಿಯವರ ಗತ್ತಿನಲ್ಲಿ ಓದಿ, 'ಇಲ್ಲಿಗೆ ವಾರ್ತೆಗಳು ಮುಗಿದವು' ಎಂದು ಬೀಗಿದವರೇ. ಆಗ ಕೈಯಲ್ಲಿ ದಿನಪತ್ರಿಕೆ ಇರುತ್ತಿತ್ತು. ಈಗ ಆ ಶಾಲೆಗೆ ಪೇಪರ್ ಬರುವುದು ನಿಂತಿದೆ. ಪದ್ಧತಿ ನಿಂತಿಲ್ಲ. ಹೆಡ್‌ಮಾಸ್ತರರು ತಮ್ಮ ಮೊಬೈಲ್ ತೆಗೆದು, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬಂದದ್ದರಲ್ಲಿ ಒಂದೆರಡನ್ನು ಆರಿಸಿ, ಮಗುವಿನ ಕೈಗೆ ಕೊಡುತ್ತಾರೆ. ಹಳೆಯ ವಿದ್ಯಾರ್ಥಿಗಳು ಕೊಡಿಸಿದ ದೊಡ್ಡ ಸ್ಪೀಕರ್ ಶಾಲೆಯ ಮಾಳಿಗೆಯ ಮೇಲಿದೆ. ಊರಿಗೆ ಊರೇ ಕೇಳುತ್ತದೆ. (ಅಂದು ನಮ್ಮ ಮನೆಯಲ್ಲಿ ಮಾತ್ರ ಕುಬಸದ ಗದ್ದಲದಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ.)

ಅಂದು ಬೆಳಿಗ್ಗೆ ಭಾಗ್ಯಳ ಪಾಳಿ. 'ಬಳೆ ಮಾರುವ ನೆಪದಲ್ಲಿ ಹೆಂಗಸರು ಹಳ್ಳಿಗಳಿಗೆ ಬಂದು ಮಕ್ಕಳನ್ನು ಕದ್ದೊಯ್ಯುತ್ತಿದ್ದಾರೆ. ಪರಿಚಯದವರ ಹೆಸರು ಹೇಳಿದರೂ ನಂಬಬೇಡಿ. ಈ ಸಂದೇಶವನ್ನು ಎಲ್ಲರಿಗೂ ಕಳಿಸಿ.' ಮಗು ಅದನ್ನು ತಪ್ಪಿಲ್ಲದೆ, ಸ್ಪಷ್ಟವಾಗಿ ಓದಿತು. 'ಎಲ್ಲರಿಗೂ ಕಳಿಸಿ' ಎಂಬುದನ್ನೂ ಬಿಡದೆ ಓದಿತು.

"ಓದೂಕಿಂತ ಮೊದ್ಲ ಸರ್‌ನ ಕೇಳಿದ್ನಿ, ಸಣ್ಣಾಯಿ. ಇದು ಯಾವ ಊರಾಗ ಆಗೇತಿ ಅಂತ ಬರದಿಲ್ಲಲ್ರಿ ಸರ್ ಅಂದ್ನಿ."

"ಅವರೇನಂದ್ರು?"

"ಓದು ಅಂದಷ್ಟ ಓದು, ಶಾಣೇತನ ಬ್ಯಾಡ ಅಂದ್ರು."

ಶಾಣೇತನ ಬೇಡವಂತೆ. ಶಾಲೆಯಲ್ಲಿ! ಹಾಗಾದರೆ ಅದು ಎಲ್ಲಿ ಬೇಕು ಸ್ವಾಮಿ, ಸಂತೆಯಲ್ಲೇ?

ಸಂತೆಯಲ್ಲಂತೂ ನಾವು ಬಹಳ ಶಾಣ್ಯಾರು. ಒಂದು ಎಮ್ಮೆ ಕೊಳ್ಳುವಾಗ ಹಲ್ಲು ನೋಡುತ್ತೇವೆ, ಕರೆದು ನೋಡುತ್ತೇವೆ, ಯಾಕೆ ಮಾರುತ್ತಿದ್ದೀಯ ಎಂದು ಮಾರುವವನ ಜೀವ ತಿನ್ನುತ್ತೇವೆ. ಹೆಣ್ಣು ಕೊಡುವಾಗ ಗಂಡಿನ ಕಡೆಯವರ ಪೂರ್ವೋತ್ತರವನ್ನು ಇಂಡಿಯಿಂದ ತಂಗಡಗಿಯ ತನಕ ವಿಚಾರಿಸಿ ಬರುತ್ತೇವೆ. ಮೊಬೈಲಿಗೆ ಬಂದ ನಾಲ್ಕು ಸಾಲಿಗೆ ಮಾತ್ರ ಒಂದು ಪ್ರಶ್ನೆಯೂ ಇಲ್ಲ. ಹೆಬ್ಬೆರಳಿಗೆ ಅಷ್ಟು ಅವಸರ.

ಮಧ್ಯಾಹ್ನ ಹೆಡ್‌ಮಾಸ್ತರರೇ ಊಟಕ್ಕೆ ಬಂದರು. ಆಮಂತ್ರಣ ಇತ್ತಲ್ಲ! ನಾನು ಹೋಳಿಗೆ ಬಡಿಸಿ, ತುಪ್ಪ ಹಾಕಿ, ಆಮೇಲೆ ಎದುರು ಕೂತೆ. (ಉಣ್ಣುವವರನ್ನು ಬೈಯಬಾರದು ಎಂದು ಅಕ್ಕ ಕಣ್ಸನ್ನೆ ಮಾಡುತ್ತಿದ್ದಳು. ನಾನು ಆ ಕಡೆ ನೋಡಲಿಲ್ಲ.)

"ಸರ್, ಆ ಮೆಸೇಜು ಯಾರು ಕಳಿಸಿದ್ರು?"

"ಗ್ರೂಪಿನ್ಯಾಗ ಬಂದಿತ್ರಿ ಅಕ್ಕಾರ."

"ಗ್ರೂಪಿಗೆ ಯಾರು ಹಾಕಿದ್ರು?"

"ಅದು ಫಾರ್ವರ್ಡ್ ಆಗಿ ಬಂದಿದ್ದರಿ."

"ಕಳುವಾದ ಮಕ್ಕಳು ಯಾವ ಊರಿನವರು? ಇಂಡಿನೋ, ಸಿಂದಗಿನೋ, ಮುಳವಾಡನೋ? ಪೊಲೀಸ್ ಸ್ಟೇಷನ್‌ಗೆ ಒಂದು ಫೋನರೆ ಮಾಡಿದ್ರೇನು?"

ಅವರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು. "ಮಕ್ಕಳ ಸುರಕ್ಷತಾ ವಿಷಯರಿ. ಖರೆ ಇದ್ರ ಏನ್ ಗತಿ? ಜಾಗೃತಿ ಮೂಡಸೂದು ನಮ್ಮ ಕರ್ತವ್ಯ ಅಲ್ಲೇನ್ರಿ?"

"ಇವತ್ತು ಬಸ್‌ಸ್ಟ್ಯಾಂಡಿನ್ಯಾಗ ಮೂಡಿದ್ದು ನಿಮ್ಮ ಜಾಗೃತಿನ ಸರ್. ನಾಳೆ ಪ್ರಾರ್ಥನಾದಾಗ ಅದು ಸುಳ್ಳು ಅಂತ ಹೇಳಸ್ರಿ. ಅಷ್ಟು ಸಾಕು."

"ಹಂಗ ಹೇಳಿದ್ರ ಸಾಲಿ ಮರ್ಯಾದಿ ಏನ್ ಉಳೀತೈತ್ರಿ? ನಾಳಿಂದ ನಾವ್ ಹೇಳಿದ್ದ ಯಾರ್ ನಂಬ್ತಾರ?"

ಕೆಟ್ಟ ಮನುಷ್ಯರಲ್ಲ ಅವರು. ಮಕ್ಕಳಿಗಾಗಿ ಓಡಾಡುತ್ತಾರೆ, ಶೌಚಾಲಯಕ್ಕೆ ನೀರು ತರಿಸಿದವರು ಅವರೇ ಎಂದು ಊರು ಹೇಳುತ್ತದೆ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದದ್ದು. ಶಾಲೆಯ ಮರ್ಯಾದೆ ಎಂದರೆ ತಪ್ಪನ್ನು ಒಪ್ಪದಿರುವುದು ಎಂದು ಇವರಿಗೆ ಯಾವ ಟ್ರೇನಿಂಗಿನಲ್ಲಿ ಹೇಳಿಕೊಟ್ಟರು?

ಈಗ ಎಲ್ಲ ಕಡೆ ಒಂದು ಮಾತು ಕೇಳಿಬರುತ್ತಿದೆ. ಶಾಲೆಗಳಲ್ಲಿ 'ಮಾಧ್ಯಮ ಸಾಕ್ಷರತೆ' ಕಲಿಸಬೇಕಂತೆ. ಕಲಿಸಲೇಬೇಕು, ನಾಳೆಯಿಂದಲೇ ಕಲಿಸಲಿ. ಆದರೆ ನನಗೆ ಹೆದರಿಕೆ ಇದೆ. ನಾವು ಅದನ್ನೂ ಒಂದು ಪಾಠ ಮಾಡುತ್ತೇವೆ. 'ಸುಳ್ಳು ಸುದ್ದಿಯ ಲಕ್ಷಣಗಳನ್ನು ಬರೆಯಿರಿ, ಅಂಕ ಐದು' ಎನ್ನುತ್ತೇವೆ. ಮಕ್ಕಳು ಗೈಡಿನಿಂದ ಉರು ಹೊಡೆದು ಐದಕ್ಕೆ ಐದು ತೆಗೆಯುತ್ತಾರೆ. ಪರೀಕ್ಷೆ ಮುಗಿಸಿ ಹೊರಗೆ ಬಂದು ಅದೇ ಸುಳ್ಳನ್ನು ಫಾರ್ವರ್ಡ್ ಮಾಡುತ್ತಾರೆ.

ನಿಜ ನೋಡಿದರೆ ಆ ವಿಷಯದ ಮೊದಲ ಪಾಠವನ್ನು ಭಾಗ್ಯ ಆಗಲೇ ಕಲಿತಿದ್ದಳು. ಯಾರೂ ಕಲಿಸದೆ ಕಲಿತಿದ್ದಳು. 'ಯಾವ ಊರಾಗ ಆಗೇತಿ?' ಇಷ್ಟೇ. ಇದಕ್ಕೆ ಸ್ಮಾರ್ಟ್ ಕ್ಲಾಸ್ ಬೇಡ, ಕಂಪ್ಯೂಟರ್ ಬೇಡ, ಟ್ಯಾಬ್ ಬೇಡ. ಆ ಪ್ರಶ್ನೆಗೆ 'ಗೊತ್ತಿಲ್ಲವ್ವಾ, ತಡಿ, ವಿಚಾರಿಸೋಣ' ಎನ್ನುವ ಒಬ್ಬ ಗುರು ಬೇಕಿತ್ತು. ಅಷ್ಟಾಗಿದ್ದರೆ ಶಬಾನಾ ಅಂದು ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದಳು.

ನಾನು ಆ ರಾತ್ರಿ ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದಾಗ ಸ್ಪೀಕರ್ ಶುರುವಾಯಿತು. ನಾಡಗೀತೆ ಆಯಿತು, ಪ್ರಾರ್ಥನೆ ಆಯಿತು. ವಾರ್ತೆ ಓದುವ ಪಾಳಿ ವಾರಪೂರ್ತಿ ಒಬ್ಬರದೇ. ಆ ವಾರ ಭಾಗ್ಯಳದು. ಮಳೆಯ ಸುದ್ದಿ ಒಂದು ಓದಿದಳು. ಆಮೇಲೆ ಸ್ವಲ್ಪ ನಿಂತಳು.

"ನಿನ್ನೆ ನಾನು ಓದಿದ ಬಳೆ ಮಾರುವವರ ವಾರ್ತೆ..."

ಟಕ್ ಎಂದು ಸದ್ದಾಯಿತು. ಆಮೇಲೆ ಏನೂ ಕೇಳಲಿಲ್ಲ. ಕರೆಂಟು ಹೋಯಿತೇ ಎಂದು ತಿರುಗಿ ನೋಡಿದೆ. ಮನೆಯೊಳಗೆ ಫ್ಯಾನು ತಿರುಗುತ್ತಿತ್ತು.

ಸಂಜೆ ಭಾಗ್ಯ ಮುಖ ಊದಿಸಿಕೊಂಡು ಬಂದಳು. ಅವಳ ಪಾಳಿಯನ್ನು ಬೇರೊಬ್ಬಳಿಗೆ ಕೊಟ್ಟಿದ್ದಾರಂತೆ. ಕಾರಣ? "ವಾರ್ತಾ ಓದೂವಾಗ ಸ್ವಂತ ಮಾತ ಸೇರಸಬಾರ್ದಂತ, ಸಣ್ಣಾಯಿ."

ಸವಿತಾಳಿಗೆ ಹೆರಿಗೆಯಾದ ಮೇಲೆ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇರುತ್ತದಲ್ಲ. ಬಳೆ ತೊಡಿಸಲು ಶಬಾನಾಳೇ ಬರಬೇಕೆಂದು ಅಕ್ಕನ ಹಟ. ನಾನೇ ಮಾಬೂಬಿಯ ಮನೆಗೆ ಫೋನ್ ಹಚ್ಚಿದೆ. ಶಬಾನಾ ಮೊದಲು ಸವಿತಾಳ ಆರೋಗ್ಯ ವಿಚಾರಿಸಿದಳು. ಆಮೇಲೆ ಹೇಳಿದಳು:

"ಬರ್ತೇನ್ರಿ ಅಕ್ಕಾರ. ನಿಮ್ಮ ಮ್ಯಾಲ ನನಗೇನೂ ಸಿಟ್ಟಿಲ್ಲ. ಆದ್ರ ನಾ ಕಳ್ಳಿ ಅಂತ ಮೈಕಿನ್ಯಾಗ ಊರ ತುಂಬ ಹೇಳ್ಯಾರ. ಅಲ್ಲ ಅಂತ ಅದ ಮೈಕಿನ್ಯಾಗ ಒಮ್ಮೆ ಹೇಳಸ್ರಿ. ಆಮ್ಯಾಲ ಬರ್ತೇನಿ."

ಆ ಮೈಕಿನ ಸ್ವಿಚ್ಚು ನನ್ನ ಕೈಯಲ್ಲಿಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ಕೇಳಬೇಕಾದವರನ್ನೇ ಕೇಳುತ್ತಿದ್ದೇನೆ: ಸುಳ್ಳನ್ನು ಕೊನೆಯ ಸಾಲಿನವರೆಗೂ ಓದಲು ಬಿಟ್ಟ ನಿಮ್ಮ ಮೈಕು, ನಿಜದ ಮೊದಲ ಸಾಲಿಗೇ ಯಾಕೆ ಬಂದ್ ಆಯಿತು ಸರ್?