ಗಿರಣಿಯ ಸಾಲಿನಲ್ಲಿ ಕೊನೆಯವರು

ಗಿರಣಿಯ ಬೀಗ ಇನ್ನೂ ತೆಗೆದಿಲ್ಲ. ಮಾರ್ಗಶಿರದ ಚಳಿ. ಮುಂದಿನ ಕಟ್ಟೆಯ ಮೇಲೆ ಜೋಳದ ಪುಟ್ಟಿಗಳು ಒಂದರ ಹಿಂದೆ ಒಂದು ಸಾಲಾಗಿವೆ, ಅವುಗಳ ಒಡತಿಯರು ಸೆರಗನ್ನು ತಲೆತುಂಬ ಹೊದ್ದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎಲ್ಲರಿಗಿಂತ ಮೊದಲು ಬಂದವರು ಬಿಳಿ ಸೀರೆಯ ಎಸ್ತೇರಮ್ಮ. ಆದರೂ ಅವರ ಪುಟ್ಟಿ ಸಾಲಿನ ತುದಿಯಲ್ಲಿದೆ. ಹೊಸದಾಗಿ ಯಾರು ಬಂದರೂ ಅವರು ಎದ್ದು, ತಮ್ಮ ಪುಟ್ಟಿಯನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಂಡು, "ಬಾ ಅವ್ವಾ, ಇಲ್ಲಿ ಇಡು" ಎನ್ನುತ್ತಾರೆ.

ಇದು ಶಿಕಾರಿಪುರದಿಂದ ತೊಗರ್ಸಿಗೆ ಹೋಗುವ ದಾರಿಯ ಒಂದು ಹಳ್ಳಿ. ಪತ್ರಿಕೆಯಲ್ಲಿ ಊರಿನ ಹೆಸರು ಬರೆಯಬೇಡಿ ಎಂದು ಎಸ್ತೇರಮ್ಮ ನನ್ನನ್ನು ಕೇಳಿಕೊಂಡಿದ್ದಾರೆ. "ಬರೆದ್ರೆ ಊರಿನ ಮಾನ ಹೋಗ್ತದೆ ಸ್ವಾಮಿ. ಉಂಡ ಮನೆ ಜಂತೆ ಎಣಿಸಬಾರದು" ಎಂಬುದು ಅವರ ವಾದ. ಮಾನ ಹೋಗುವಂಥ ಸಂಗತಿ ಏನೆಂದು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತರೆ ಯಾರಿಗಾದರೂ ತಿಳಿಯುತ್ತದೆ.

ದಿನದ ಕೊನೆಗೆ ಬಿಚ್ಚಿ ಗುಡಿಸುವವರೆಗೆ ಗಿರಣಿಯ ಕಲ್ಲಿನ ಸಂದಿಯಲ್ಲಿ ಹಿಂದಿನವರ ಹಿಟ್ಟು ಒಂದು ಹಿಡಿಯಾದರೂ ಉಳಿದಿರುತ್ತದೆ. ಮುಂದಿನವರ ಕಾಳು ಸುರಿದಾಗ ಮೊದಲು ಉದುರುವುದು ಅದೇ. ಮನೆಮನೆಯಲ್ಲಿ ಬೀಸುವ ಕಲ್ಲು ತಿರುಗುತ್ತಿದ್ದಾಗ ಈ ತಾಪತ್ರಯ ಇರಲಿಲ್ಲ. ಎರಡು ವರ್ಷದ ಹಿಂದೆ ಎಣ್ಣೆ ಎಂಜಿನ್ನಿನ ಗಿರಣಿ ಬಂದದ್ದೇ ತಡ, ಯಾರ ಹಿಂದೆ ಯಾರು ಹಾಕಿಸಬೇಕು ಎಂಬುದು ದೊಡ್ಡ ಪಂಚಾಯಿತಿಯಾಯಿತು. ಕೊನೆಗೆ ಲಿಂಗವಂತರ ಮನೆಯವರು ಮೊದಲು, ಉಳಿದವರು ಆಮೇಲೆ, ಕೇರಿಯವರು ಅವರ ಹಿಂದೆ, ಎಲ್ಲರ ಬಾಲಕ್ಕೆ ಮಿಶನ್ನಮ್ಮ, ಅಂದರೆ ಎಸ್ತೇರಮ್ಮ, ಎಂದು ತೀರ್ಮಾನವಾಯಿತು. ಅಸ್ಪೃಶ್ಯತೆ ಅಪರಾಧ ಎಂದು ದಿಲ್ಲಿಯಲ್ಲಿ ಕಾಯಿದೆಯಾಗಿದೆ. ಅದಕ್ಕೆ ಈ ಹಳ್ಳಿಯ ಬಸ್ಸು ಇನ್ನೂ ಸಿಕ್ಕಿಲ್ಲ.

ನನಗೆ ಸಿಟ್ಟು ಬಂತು, ಅವರಿಗೆ ಬಂದಂತೆ ಕಾಣಲಿಲ್ಲ. "ಕೊನೇಲಿದ್ರೆ ಜಗಳ ಇಲ್ಲ. ಮೇಲಾಗಿ ಎಲ್ಲರ ಜತೆ ಮಾತಾಡಾಕೆ ಹೊತ್ತು ಸಿಗ್ತದೆ. ನನ್ನ ಕೆಲಸಾನೇ ಮಾತಲ್ವಾ?" ಎನ್ನುತ್ತಾರೆ.

ಹೌದು, ಎಸ್ತೇರಮ್ಮನವರ ಕಸುಬೇ ಮಾತು. ಯೇಸುಸ್ವಾಮಿಯ ವಿಷಯವನ್ನು ಹೆಂಗಸರಿಗೆ ತಿಳಿಸಲು ಮಿಶನ್ನಿನವರು ಇಟ್ಟಿರುವ ಕೆಲಸದಾಕೆ ಅವರು. ಗಂಡ ಮಿಶನ್ ಶಾಲೆಯ ಮೇಷ್ಟ್ರಾಗಿದ್ದರು, ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ಮಕ್ಕಳಿಲ್ಲ. ಅಂದಿನಿಂದ ಈ ಹಳ್ಳಿಯ ಬಸಕ್ಕನ ಹಿತ್ತಲ ಕೋಣೆಯೇ ಮನೆ. ಅಲ್ಲಿಂದ ಒಮ್ಮೆ ಈಸೂರಿನ ಕಡೆಗೆ, ಒಮ್ಮೆ ಬಸ್ಸು ಹಿಡಿದು ಸೊರಬದ ಆಚೆ ಉಳವಿಯ ಕಡೆಗೆ ಹೋಗುತ್ತಾರೆ. ಬಸ್ಸು ಕೆಟ್ಟರೆ ನಡೆದೇ ಹೋಗುತ್ತಾರೆ. ಬೀದಿಯಲ್ಲಿ ನಿಂತು ಬೋಧನೆ ಮಾಡುವುದಿಲ್ಲ, ಕರಪತ್ರ ಹಂಚುವುದಿಲ್ಲ. ಹೆಂಗಸರು ಕೆಲಸ ಮಾಡುವಲ್ಲಿ ಹೋಗಿ ಕೂರುತ್ತಾರೆ. ಅವರ ಕೈಯಲ್ಲಿರುವ ಕೆಲಸಕ್ಕೆ ತಾವೂ ಕೈ ಹಾಕುತ್ತಾರೆ. ಮಾತು ಅವರಿಂದಲೇ ಬರಲಿ ಎಂದು ಕಾಯುತ್ತಾರೆ.

ಈಸೂರಿನಲ್ಲಿ ಒಬ್ಬಾಕೆ ಮುಖಕ್ಕೆ ಹೊಡೆದ ಹಾಗೆ ಕೇಳಿದ್ದಳಂತೆ: "ದೊರೆಗಳೇ ಹೋದ್ರು, ನಿಮ್ಮ ದೇವ್ರು ಇನ್ನೂ ಇಲ್ಲೇನು ಮಾಡ್ತಾನೆ?" ನಲವತ್ತೆರಡರ ಚಳವಳಿಯಲ್ಲಿ ತಿಂದ ಪೊಲೀಸರ ಏಟು ಮರೆಯದ ಊರು ಅದು. "ನಮ್ಮ ಸ್ವಾಮಿ ಆ ದೊರೆಗಳ ಜತೆ ಬಂದೋನೂ ಅಲ್ಲ, ಹಡಗು ಹತ್ತಿ ಹೋದೋನೂ ಅಲ್ಲ ತಾಯಿ ಅಂದೆ. ಆಕೆ ನಕ್ಕಳು. ಕೂರಾಕೆ ಮಣೆ ಕೊಟ್ಟಳು" ಎಂದು ಎಸ್ತೇರಮ್ಮ ನೆನೆಯುತ್ತಾರೆ.

ಬೀಗ ತೆಗೆಯುವ ಚೌಡಪ್ಪ ಇನ್ನೂ ಬಂದಿಲ್ಲ. ಕಟ್ಟೆಯ ಮೇಲೆ ಮಾತು ಮನೆಯಲ್ಲಿ ಕಳೆದುಹೋಗುವ ಸಾಮಾನಿನ ಕಡೆ ಹೊರಳಿದೆ. ಒಬ್ಬಳ ಮೂಗುಬಟ್ಟು ಸಗಣಿ ಬಾಚುವಾಗ ಹೋಗಿದೆಯಂತೆ. ಎಸ್ತೇರಮ್ಮ ಮೆಲ್ಲಗೆ, ಹಿಂದೆ ಒಬ್ಬಾಕೆ ಒಂದು ನಾಣ್ಯ ಕಳಕೊಂಡು, ದೀಪ ಹಚ್ಚಿ ಮನೆಯೆಲ್ಲ ಗುಡಿಸಿ, ಸಿಕ್ಕ ಮೇಲೆ ನೆರೆಹೊರೆಯವರನ್ನು ಕರೆದು ಸಂತೋಷಪಟ್ಟ ಕಥೆ ಹೇಳುತ್ತಾರೆ. "ಹಳೇ ಆಣೆನೋ, ಈಗಿನ ಹೊಸ ಪೈಸೆನೋ?" ಎಂದು ಒಬ್ಬಳು ತಡೆಯುತ್ತಾಳೆ. "ಒಂದು ನಾಣ್ಯಕ್ಕೆ ಊರನ್ನೆಲ್ಲ ಕರೆದ್ರೆ ಎಲೆ ಅಡಿಕೆಗೇ ನಾಲ್ಕು ನಾಣ್ಯ ಹೋಗಲ್ವಾ? ಹುಚ್ಚಿ!" ಎಂದು ಇನ್ನೊಬ್ಬಳು. ಎಲ್ಲರಿಗಿಂತ ಜೋರಾಗಿ ನಗುವವರು ಎಸ್ತೇರಮ್ಮನೇ. "ಹುಚ್ಚೇ ಕಣವ್ವಾ. ದೇವರಿಗೂ ನಮ್ಮ ಮೇಲೆ ಅಂಥಾ ಹುಚ್ಚು ಐತೆ ಅಂತ ನಮ್ಮ ಸ್ವಾಮಿ ಹೇಳಿದ್ದು" ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಮೂಗುಬಟ್ಟಿನಾಕೆ ಏನೋ ಯೋಚಿಸುತ್ತ ಕಾಳಿನಲ್ಲಿ ಕೈಯಾಡಿಸುತ್ತಾಳೆ.

ನಾನು ಅವರನ್ನು ಪಕ್ಕಕ್ಕೆ ಕರೆದು ಬಿಚ್ಚಿ ಕೇಳಿದೆ: ಇದು ಸ್ನೇಹವೋ, ಮತಕ್ಕೆ ಸೇರಿಸುವ ಉಪಾಯವೋ? ಅವರು ಮುಖ ತಿರುಗಿಸಲಿಲ್ಲ. "ನಂಗೆ ಸಿಕ್ಕಿದ್ದು ಇವರಿಗೂ ಸಿಗ್ಲಿ ಅಂತ ಆಸೆ ಐತೆ. ಇಲ್ಲ ಅಂದ್ರೆ ಸುಳ್ಳು ಹೇಳ್ದಂಗೆ. ಆದ್ರೆ ಅವರು ಬ್ಯಾಡ ಅಂದ್ರೂ ನಾಳೆ ಬಂದು ಕೂರ್ತೀನಿ. ಅದನ್ನ ಏನಂತಾರೋ ನೀವೇ ಹೇಳಿ." ಅದನ್ನೇ ಕೇಳಿದರೆ ಮನೆಯೊಡತಿ ಬಸಕ್ಕ ಖಂಡಿತವಾಗಿ ಹೇಳುತ್ತಾಳೆ: "ನಮ್ಮ ಊರ ದ್ಯಾವ್ರು ಉಡುಚವ್ವಗೆ ಆಯಮ್ಮ ಒಂದಿನಾನೂ ಬಯ್ದಿಲ್ಲ ಕಣ್ರೀ. ನಾನೂ ಅವ್ರ ಸ್ವಾಮಿಗೆ ಬಯ್ದಿಲ್ಲ."

ಇಷ್ಟು ಸಾವಧಾನ ಎಸ್ತೇರಮ್ಮನವರಿಗೆ ಮೊದಲಿನಿಂದ ಇದ್ದದ್ದಲ್ಲ. ಅದನ್ನು ಕಲಿಸಿದ್ದು ಒಂದು ತಪ್ಪು.

ಆಗ ಗಿರಣಿ ಇರಲಿಲ್ಲ. ಲಿಂಗವಂತರ ದೊಡ್ಡ ಮನೆಯಲ್ಲಿ ವೀರಮ್ಮ, ಅವರ ವಾರಗಿತ್ತಿ ಇಬ್ಬರೂ ಎದುರುಬದುರು ಕೂತು, ಒಂದೇ ಗೂಟ ಹಿಡಿದು ಬೀಸುತ್ತಿದ್ದರು. ಎಸ್ತೇರಮ್ಮ ಜಗಲಿಯ ಮೇಲೆ ಕೂತು ಕಾಳು ಹಸನು ಮಾಡಿಕೊಡುತ್ತಿದ್ದರು. ಕಿರಿಯಾಕೆ ರಾಜೇಶ್ವರಮ್ಮ ಹೆರಿಗೆಯಲ್ಲಿ ತೀರಿಕೊಂಡರು. ಕೆಲವು ದಿನ ಬಿಟ್ಟು ಎಸ್ತೇರಮ್ಮ ಹೋದಾಗ ವೀರಮ್ಮ ಒಬ್ಬರೇ ಕಲ್ಲು ತಿರುಗಿಸುತ್ತಿದ್ದರು. ಎದುರಿನ ಜಾಗ ಖಾಲಿ. ಏನಾದರೂ ಸಮಾಧಾನ ಹೇಳಬೇಕು ಎಂದು ಎಸ್ತೇರಮ್ಮನವರ ಜೀವ ತಹತಹಿಸಿತು. ಬೀಸುವ ಕಲ್ಲಿನ ಮಾತು ತಮ್ಮ ವೇದದಲ್ಲೂ ಇರುವುದು ಥಟ್ಟನೆ ನೆನಪಾಯಿತು. ಹಿಂದುಮುಂದು ನೋಡದೆ ಹೇಳಿಬಿಟ್ಟರು.

"ಇಬ್ಬರು ಹೆಂಗಸರು ಬೀಸ್ತಾ ಇರ್ತಾರಂತೆ ಅಕ್ಕಾ, ಒಬ್ಬಳನ್ನ ಕರ್ಕೊಂಡು ಹೋಗ್ತಾನಂತೆ, ಒಬ್ಬಳನ್ನ ಬಿಡ್ತಾನಂತೆ ಅಂದೆ. ಎಲ್ಲಾ ದೇವರಿಗೆ ಗೊತ್ತಿತ್ತು ಅನ್ನೋ ಅರ್ಥದಲ್ಲಿ ಅಂದಿದ್ದು. ವೀರಮ್ಮಾರ ಕೈ ನಿಂತ್ಹೋತು. ನಿಮ್ಮ ದ್ಯಾವರೇ ಕರ್ಕೊಂಡಿದ್ದೇನು ನಮ್ಮ ಹುಡುಗೀನ ಅಂದ್ರು. ಎದ್ದು ಬಂದು ಬಾಗಿಲು ಹಾಕ್ಕೊಂಡ್ರು." ಇಷ್ಟು ಹೇಳಿ ಎಸ್ತೇರಮ್ಮ ತಮ್ಮನ್ನೇ ಬಯ್ದುಕೊಳ್ಳುತ್ತಾರೆ. "ದುಃಖದಾಗೆ ಇದ್ದೋರ ಮುಂದೆ ನಾನು ಪಾಠ ಒಪ್ಪಿಸಿದೆ ಸ್ವಾಮಿ. ಸುಮ್ಮನೆ ಹೋಗಿ ಆ ಗೂಟದ ಇನ್ನೊಂದು ಕಡೆ ಹಿಡ್ಕೋಬೇಕಿತ್ತು. ಮೈಲಿಗೆ ಅಂತ ಬಯ್ದಿದ್ರೆ ಬಯ್ಯಿಸ್ಕೋಬೇಕಿತ್ತು."

ಬಾಗಿಲು ಹಾಕಿ ವರ್ಷಗಳೇ ಉರುಳಿವೆ. ವೀರಮ್ಮ ಅಂದಿನಿಂದ ಅವರೊಂದಿಗೆ ಒಂದು ಮಾತೂ ಆಡಿಲ್ಲ. ಬೀದಿಯಲ್ಲಿ ಎದುರಾದರೆ ಸೆರಗು ಸರಿಪಡಿಸಿಕೊಂಡು ದಾಟಿಹೋಗುತ್ತಾರೆ.

ಈಗ ಎಸ್ತೇರಮ್ಮನವರಿಗೆ ಹೆಚ್ಚು ಸಮಯ ಉಳಿದಿಲ್ಲ. ಮಿಶನ್ನಿನ ಹಿರಿಯರು ಹಳ್ಳಿಗಳಿಗೆ ಮೋಟಾರು ವ್ಯಾನು, ಧ್ವನಿವರ್ಧಕ, ಹಾಡಿನ ರೆಕಾರ್ಡು ಕಳಿಸಲು ತೀರ್ಮಾನಿಸಿದ್ದಾರೆ. ಒಮ್ಮೆ ಬಂದರೆ ಊರಿಗೆ ಊರೇ ನೆರೆಯುತ್ತದೆ, ಇನ್ನು ಮನೆಮನೆ ಅಲೆಯುವುದೇಕೆ ಎಂಬುದು ಅವರ ಲೆಕ್ಕ. ಸಂಕ್ರಾಂತಿ ಕಳೆದ ಮೇಲೆ ಎಸ್ತೇರಮ್ಮ ಶಿವಮೊಗ್ಗದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಮನೆ ನೋಡಿಕೊಳ್ಳಬೇಕು. ಅವರಿಗೆ ದೂರಿಲ್ಲ. "ಕಾಲ ಬದಲಾಗೈತೆ. ಕಲ್ಲು ಹೋಗಿ ಗಿರಣಿ ಬಂತು, ನಾನು ಹೋಗಿ ವ್ಯಾನು ಬರ್ತದೆ. ವ್ಯಾನಿಗೆ ಮಾತಾಡಾಕೆ ಬರ್ತದೆ. ಕೇಳಿಸ್ಕೊಳ್ಳಾಕೆ ಬರ್ತದೋ ಇಲ್ಲೋ ಗೊತ್ತಿಲ್ಲ." ಒಂದೇ ಒಂದು ಆಸೆ ಅವರಿಗಿದೆ. ಹೋಗುವುದರೊಳಗೆ ವೀರಮ್ಮ ಒಂದು ಸಲ ಬಾಯಿ ಬಿಟ್ಟು ಮಾತಾಡಬೇಕು. ಬಯ್ದರೂ ಸರಿಯೇ.

ಚೌಡಪ್ಪ ಬರುತ್ತಾನೆ, ಎಂಜಿನ್ನು ಕೆಮ್ಮಿ ಹೊಗೆಯುಗುಳಿ ಶುರುವಾಗುತ್ತದೆ. ಪುಟ್ಟಿಗಳು ಒಂದೊಂದಾಗಿ ಕರಗುತ್ತವೆ. ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಎಸ್ತೇರಮ್ಮನವರ ಪುಟ್ಟಿ ಒಂದೇ ಉಳಿದಿದೆ. ಚೌಡಪ್ಪ ಅದಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಓಣಿಯ ಕಡೆಯಿಂದ ಹಣೆತುಂಬ ವಿಭೂತಿ ಇಟ್ಟ ಹೆಂಗಸೊಬ್ಬರು ತಾವೇ ಪುಟ್ಟಿ ಹೊತ್ತು ಬರುತ್ತಾರೆ. ಯಾವಾಗಲೂ ಸೊಸೆಯನ್ನು ಕಳಿಸುವ ವೀರಮ್ಮ ಇಂದು ತಾವೇ ಬಂದಿದ್ದಾರೆ. ಎಸ್ತೇರಮ್ಮ ಗಡಬಡಿಸಿ ಎದ್ದು ತಮ್ಮ ಪುಟ್ಟಿಯನ್ನು ಹಿಂದಕ್ಕೆ ಎಳೆಯುತ್ತಾರೆ.

"ಕೊಡ್ರಿ ಅಮ್ಮಾರೇ, ನಿಮ್ದು ಹಾಕ್ತೀನಿ" ಎಂದು ಚೌಡಪ್ಪ ಕೈ ಚಾಚುತ್ತಾನೆ.

"ಅವ್ರದ್ದು ಹಾಕು ಮೊದ್ಲು" ಎನ್ನುತ್ತಾರೆ ವೀರಮ್ಮ.

"ಹಂಗಲ್ರೀ, ಹಿಂದಿನ ಹಿಟ್ಟು ನಿಮ್ಮದ್ರಾಗೆ..."

"ನಂಗೊತ್ತಿಲ್ವೇನೋ? ನಿನ್ನ ಗಿರಣಿ ಹುಟ್ಟೋಕ್ಕಿಂತ ಮೊದ್ಲಿಂದ ಬೀಸಿದೋಳು ನಾನು. ಹಾಕು."

ಚೌಡಪ್ಪ ನನ್ನ ಮುಖ ನೋಡುತ್ತಾನೆ, ನಾನು ಅವನ ಮುಖ ನೋಡುತ್ತೇನೆ. ಎಸ್ತೇರಮ್ಮನವರ ಜೋಳ ಗಿರಣಿಯ ಬಾಯಿಗೆ ಬೀಳುತ್ತದೆ. ವೀರಮ್ಮ ಕಟ್ಟೆಯ ಮೇಲೆ ಕೂರುತ್ತಾರೆ. ಎಂಜಿನ್ನಿನ ಗದ್ದಲದಲ್ಲಿ ಅವರು ಗಟ್ಟಿಯಾಗಿ ಮಾತಾಡಬೇಕಾಗುತ್ತದೆ.

"ಶಿವಮೊಗ್ಗಕ್ಕೆ ಹೊಂಟೀಯಂತೆ."

"ಹೌದಕ್ಕಾ."

"ಒಂದು ಕೇಳ್ಬೇಕಿತ್ತು. ಅವತ್ತು ನೀನು ಹೇಳಿದ್ಯಲ್ಲ, ಒಬ್ಬಳನ್ನ ಕರ್ಕೊಂಡು ಒಬ್ಬಳನ್ನ ಬಿಡ್ತಾನೆ ಅಂತ. ಉಳಿದೋಳು ಏನು ಮಾಡ್ಬೇಕು ಅಂತ ನಿಮ್ಮ ಸ್ವಾಮಿ ಹೇಳ್ಯಾನೇನು?"

ಎಸ್ತೇರಮ್ಮನವರ ಬಾಯಲ್ಲಿ ಬೈಬಲಿನ ವಚನಗಳಿಗೆ ಬರವಿಲ್ಲ. ಇಂದು ಒಂದೂ ಬರುವುದಿಲ್ಲ. "ನಂಗೆ ಗೊತ್ತಿಲ್ಲ ಅಕ್ಕಾ. ನಾನೂ ಉಳಿದೋಳೇ" ಎಂದಷ್ಟೇ ಹೇಳುತ್ತಾರೆ.

ವೀರಮ್ಮ ತಲೆಯಾಡಿಸುತ್ತಾರೆ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಗಿರಣಿಯ ಕಡೆ ನೋಡುತ್ತ ಕೂತಿದ್ದಾರೆ. ನಾನು ಬರೆಯುವುದನ್ನು ನಿಲ್ಲಿಸಿ ದೂರ ಹೋಗಿ ನಿಲ್ಲುತ್ತೇನೆ, ಕಣ್ಣು ಒದ್ದೆಯಾದದ್ದನ್ನು ಹೊಗೆಯ ಮೇಲೆ ಹಾಕುತ್ತೇನೆ. ಎಸ್ತೇರಮ್ಮನವರ ಹಿಟ್ಟು ಇಳಿದ ಮೇಲೆ ವೀರಮ್ಮನವರ ಜೋಳ ಬೀಳುತ್ತದೆ. ಮೊದಲು ಉದುರಿದ ಹಿಡಿ ಹಿಟ್ಟನ್ನು ವೀರಮ್ಮ ಚೆಲ್ಲುವುದಿಲ್ಲ, ಪುಟ್ಟಿಯಲ್ಲೇ ಬಿಟ್ಟು ತಲೆಯ ಮೇಲೆ ಹೊತ್ತು ನಡೆಯುತ್ತಾರೆ.

ಇಷ್ಟು ವರ್ಷದ ಮಾತಿಗೆ ಫಲ ಸಿಕ್ಕಿತೇ ಎಂದು ಬಸಕ್ಕನ ಮನೆಯ ಹಾದಿಯಲ್ಲಿ ಕೇಳುತ್ತೇನೆ. ಅವರು ಬಿಸಿ ಹಿಟ್ಟಿನ ಪುಟ್ಟಿಯನ್ನು ಸೊಂಟ ಬದಲಿಸಿ ಎತ್ತಿಕೊಳ್ಳುತ್ತಾರೆ.

"ವೀರಮ್ಮಾರು ಲಿಂಗಪೂಜೆ ಬಿಡಾಕಿಲ್ಲ, ನಾನು ನನ್ನ ಸ್ವಾಮೀನ ಬಿಡಾಕಿಲ್ಲ. ಆದ್ರೆ ಇವತ್ತು ಅವ್ರ ಮನೆ ರೊಟ್ಟೀಲಿ ನನ್ನ ಹಿಟ್ಟೂ ಒಂದು ಹಿಡಿ ಇರ್ತದಲ್ಲ ಸ್ವಾಮಿ."