ದೇವಿ ಹಾಕುವ ಈರಪ್ಪನವರ ವಯಸ್ಸು

೧೯೫೮ರಲ್ಲಿ ನಾನು ಶಿಕಾರಿಪುರದಲ್ಲಿ ಸರ್ಕಾರಿ ವೈದ್ಯನಾಗಿದ್ದೆ. ಆಗ ನಿವೃತ್ತಿಯ ವಯಸ್ಸು ಐವತ್ತೈದು. ಹುಟ್ಟಿದ ದಿನ ಗೊತ್ತಿಲ್ಲದವರು ಕೆಲಸಕ್ಕೆ ಸೇರುವಾಗ ಅಂದಾಜಿನಲ್ಲಿ ಹೇಳಿದ ವಯಸ್ಸೇ ಕೊನೆಯವರೆಗೂ ನಡೆಯುತ್ತಿತ್ತು. ಅನುಮಾನ ಬಂದರೆ ವೈದ್ಯರ ಅಭಿಪ್ರಾಯ ಕೇಳುತ್ತಿದ್ದರು.

ಈರಪ್ಪನವರು ಸೊರಬದ ಕಡೆಯ ಹಳ್ಳಿಗಳನ್ನು ಸುತ್ತಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುತ್ತಿದ್ದವರು. ಜನ ಅದನ್ನು ದೇವಿ ಹಾಕುವುದು ಎನ್ನುತ್ತಿದ್ದರು. ಇಲಾಖೆಯ ಪ್ರಕಾರ ಅವರಿಗೆ ಐವತ್ತೆರಡು. ಅರವತ್ತು ದಾಟಿದೆ ಎಂದು ಯಾರೋ ಗುಟ್ಟಾಗಿ ದೂರು ಮುಟ್ಟಿಸಿದರು.

ನನ್ನ ಮೇಲಧಿಕಾರಿ, "ಹಿಂದೆ ಐವತ್ತೈದರ ತನಕ ಬದುಕೋರೇ ಕಡಿಮೆ ಇದ್ರು. ಈಗ ವಯಸ್ಸಾದೋರೂ ಗಟ್ಟಿಯಾಗಿದಾರೆ, ಓದಿದ ಹುಡುಗರೂ ಹೆಚ್ಚಾಗಿದಾರೆ. ಜಾಗ ಖಾಲಿಯಾಗದಿದ್ರೆ ಆ ಹುಡುಗರು ಎಲ್ಲಿಗೆ ಹೋಗ್ಬೇಕು? ವಿಚಾರಿಸಿ ಬನ್ನಿ" ಎಂದರು.

ಆ ಕೆಲಸಕ್ಕಾಗಿ ಆಸ್ಪತ್ರೆಗೆ ಅಲೆಯುತ್ತಿದ್ದ ಬಸವರಾಜ ಎಂಬ ತರುಣನ ಮೇಲೆ ನನ್ನ ಅನುಮಾನ ಹೋಯಿತು. ಈರಪ್ಪನವರನ್ನೂ ನಂಬಲಿಲ್ಲ. ಅವರ ಕೂದಲು ಅತಿಯಾಗಿ ಕಪ್ಪಗಿತ್ತು. ಆದರೆ ಆ ಪ್ರಾಯದವರ ವಯಸ್ಸನ್ನು ಹಲ್ಲಿನಿಂದಾಗಲಿ ಎಕ್ಸ್‌ರೇಯಿಂದಾಗಲಿ ಖಚಿತವಾಗಿ ಹೇಳಲಾಗದು. ಹಾಗಾಗಿ ಬಂದಳಿಕೆಯ ಅವರ ಮನೆಗೇ ಹೋದೆ. ದಾರಿಯಲ್ಲಿ ಕೇಳಿದವರೆಲ್ಲ, "ಎದಕ್ಕ ಕೇಳ್ತೀರಿ?" ಎಂದು ನನ್ನನ್ನೇ ಅನುಮಾನದಿಂದ ನೋಡಿದರು.

ಈರಪ್ಪನವರು ಊರಲ್ಲಿರಲಿಲ್ಲ. ಹೆಂಡತಿ ಗಂಗಮ್ಮ ಮಜ್ಜಿಗೆ ಕೊಟ್ಟು, ಬಾಗಿಲು ಮುಂದಕ್ಕೆ ಮಾಡಿದರು.

"ಅವ್ರನ್ನ ಮನಿಗೆ ಕಳಸ್ತೀರೇನ್ರಿ?"

"ದೂರು ಯಾರದು ಅಂತ ಮೊದಲು ಗೊತ್ತಾಗಬೇಕಮ್ಮ."

"ನನ್ನ ತಮ್ಮನ ಕೈಲಿ ಹೇಳಿಸಿದ್ದು ನಾನೇ ರೀ. ಅವ್ರಿಗೆ ಕಣ್ಣು ಕಾಣ್ಸಂಗಿಲ್ಲ. ಹೋದ ಮಳೆಗಾಲ ಕಾಲುಸಂಕದಿಂದ ಹಳ್ಳಕ್ಕ ಬಿದ್ರು. ಯಾರಿಗೂ ಹೇಳಬ್ಯಾಡ ಅಂತ ಆಣೆ ಹಾಕಿಸ್ಕೊಂಡಾರ. ವಯಸ್ಸಿಂದು ಹೇಳಬ್ಯಾಡ ಅಂದಿಲ್ಲಲ್ರಿ!"

ನಾನು ದಂಗಾದೆ. ಮರುವಾರ ಈರಪ್ಪನವರನ್ನು ಆಸ್ಪತ್ರೆಗೆ ಕರೆಸಿ ಕಣ್ಣು ಪರೀಕ್ಷಿಸಿದೆ. ಎರಡಕ್ಕೂ ಪೊರೆ ಬಂದಿತ್ತು. ಮಗುವಿನ ತೋಳನ್ನು ತಡವಿ ಅಂದಾಜಿನಲ್ಲೇ ಲಸಿಕೆ ಗೀರುತ್ತಿದ್ದರು. ವಯಸ್ಸು ನಿರ್ಧರಿಸಲಾಗದು, ದೃಷ್ಟಿ ಕೆಲಸಕ್ಕೆ ಸಾಲದು ಎಂದು ವರದಿ ಕೊಟ್ಟೆ. ಅವರಿಗೆ ಪಿಂಚಣಿ ಸಿಕ್ಕಿತು. ಬಸವರಾಜನಿಗೆ ಆ ಜಾಗ ಸಿಕ್ಕಿತು.

ಪರೀಕ್ಷೆಯ ದಿನ ಆಸ್ಪತ್ರೆಯಿಂದ ಹೊರಡುವಾಗ ಈರಪ್ಪನವರು, "ಆ ಹುಡುಗಂದೇ ಕೆಲಸ ಇದು. ನಂಗೊತ್ತು ಬಿಡ್ರಿ" ಎಂದರು. ಅಲ್ಲ ಎಂದೆ. ಹಾಗಾದರೆ ಯಾರು ಎಂದು ಕೇಳಿದರು. ಅವರ ಕೈ ಹಿಡಿದು ಗಂಗಮ್ಮ ಪಕ್ಕದಲ್ಲೇ ನಿಂತಿದ್ದರು. ಮೆಟ್ಟಿಲಿದೆ, ಹುಷಾರಾಗಿ ಇಳಿಯಿರಿ ಎಂದೆ.

ಆಮೇಲಿನ ಸೇವೆಯಲ್ಲಿ ಇಂಥ ದೂರುಗಳು ಎಷ್ಟೋ ಬಂದವು. ಇದರಿಂದ ಯಾರಿಗೆ ಲಾಭ ಎಂದು ಎಲ್ಲರೂ ಕೇಳುತ್ತಿದ್ದರು. ಯಾರಿಗೆ ಭಯ ಎಂದು ನಾನು ಮೊದಲು ಕೇಳುತ್ತಿದ್ದೆ.