ಪ್ಲಾಸ್ಟಿಕ್ಕಿನೊಳಗಿನ ಆಟಗಾರರು

ಹಿರಿಯ ನಾಗರಿಕರ ಗುರುತಿನ ಚೀಟಿ ಕೊನೆಗೂ ನನ್ನ ಕೈಗೆ ಬಂತು. ಅದಕ್ಕೆ ಲ್ಯಾಮಿನೇಷನ್ ಮಾಡಿಸೋಣವೆಂದು ಮೊನ್ನೆ ಬಸ್ ಸ್ಟ್ಯಾಂಡಿನ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋದೆ. ನನಗಿಂತ ಮುಂದೆ ಒಬ್ಬರು ನಿಂತಿದ್ದರು. ಅವರ ಕಾರ್ಡು ಹುಡುಕಲು ಅಂಗಡಿಯಾಕೆ ಒಂದು ತಗಡಿನ ಡಬ್ಬಿ ತೆಗೆದು ಮೇಜಿನ ಮೇಲೆ ಬೋರಲು ಹಾಕಿದರು. ಪ್ಲಾಸ್ಟಿಕ್ ಹೊದ್ದ ಕಾರ್ಡುಗಳು ಒಂದರ ಮೇಲೊಂದು ಜಾರಿ, ಹೊಳೆಯುತ್ತ ಹರಡಿಕೊಂಡವು. ಅದೇ ಹೊತ್ತಿಗೆ ಹಿಂದಿನ ಯಂತ್ರದಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೊರಗೆ ಬಂದು ಮೆಟ್ಟಿಲಲ್ಲಿ ಕುಳಿತೆ. ಯಾರೋ ಒಬ್ಬರು ಸೋಡ ತಂದುಕೊಟ್ಟು, ಶುಗರ್ ಇರಬೇಕು, ಪರೀಕ್ಷೆ ಮಾಡಿಸಿ ಎಂದರು. ಇದು ಶುಗರ್ ಅಲ್ಲ, ಎಂಬತ್ತರ ದಶಕದ ಒಂದು ಹೊಳೆ ಎಂದು ಅವರಿಗೆ ಹೇಗೆ ಹೇಳಲಿ? ಸೋಡಕ್ಕೆ ಅವರೇ ದುಡ್ಡು ಕೊಟ್ಟಿದ್ದರು. ಏಕೆ ಕೊಟ್ಟರೆಂಬ ಸಂಶಯವೂ ನನಗೆ ಬಾರದಿರಲಿಲ್ಲ. ನನ್ನ ಸ್ವಭಾವವೇ ಹಾಗೆ. ಪುಕ್ಕಟೆ ಸಿಕ್ಕಿದ್ದನ್ನು ಮೊದಲು ತಿರುಗಿಸಿ ಹಿಂಬದಿ ನೋಡುತ್ತೇನೆ.

ಆಗ ನಾನು ಜಿಜಾನ್‌ನಲ್ಲಿದ್ದೆ. ಅರಬರ ನಾಡಿನಲ್ಲಿ ಕೆಂಪು ಸಮುದ್ರದ ದಂಡೆಯ ಊರು. ಕಾಲೇಜಿನಲ್ಲಿ ಕಾಮರ್ಸ್ ಓದಿ, ಲೆಕ್ಕಪತ್ರದ ಕೆಲಸವೆಂದು ನಂಬಿ ಹೋದವನಿಗೆ ಸಿಕ್ಕಿದ್ದು ಒಂದು ನೀರಿನ ಯೋಜನೆಯ ಉಗ್ರಾಣ. ಪೈಪು, ಬೋಲ್ಟು, ವಾಷರುಗಳನ್ನು ಎಣಿಸುವುದು. ಕ್ಯಾಂಪಿನಲ್ಲಿ ಯಾರೂ ನನ್ನ ಹೆಸರು ಕರೆಯುತ್ತಿರಲಿಲ್ಲ; ಎಲ್ಲರಿಗೂ ನಾನು ‘ಬಿಕಾಂ’. ಹಾಗೆ ಮೊದಲು ಕರೆದವರು ನನ್ನ ಕೋಣೆಯ ಜೊತೆಗಾರ, ಭಟ್ಕಳದ ಜಾಫರ್ ಭಾಯಿ. ಅವರ ಮನೆಮಾತು ನವಾಯತಿ, ನನ್ನದು ಬ್ಯಾರಿ. ನಮ್ಮಿಬ್ಬರ ನಡುವೆ ಕನ್ನಡ. ಅವರು ಮನೆತನದಿಂದ ಬಟ್ಟೆ ವ್ಯಾಪಾರಿಗಳು. ಅಣ್ಣಂದಿರ ಜಗಳದಲ್ಲಿ ಅಂಗಡಿ ಮುಚ್ಚಿ, ಈ ಮನುಷ್ಯ ಕಂಪೆನಿಯ ಕಾರು ಓಡಿಸಲು ಬಂದಿದ್ದರು. ಆ ಅಂಗಡಿಯ ಬಾಗಿಲನ್ನು ಮತ್ತೆ ತೆಗೆಯುವಷ್ಟು ದುಡ್ಡು ಕೈಯಲ್ಲಾದರೆ, ವಾಸದ ಪರವಾನಗಿಯಾದ ಇಕಾಮಾವನ್ನು ಕೆಲಸಕ್ಕೆ ಕರೆಸಿದ ಕಫೀಲ್‌ನ ಮೇಜಿನ ಮೇಲಿಟ್ಟು ಆ ದಿನವೇ ಹೊರಟೆ ಎನ್ನುತ್ತಿದ್ದರು. ಬೇರೆ ಆಸೆ ಅವರಿಗಿರಲಿಲ್ಲ.

ಅವರು ಕರೆದೊಯ್ಯುತ್ತಿದ್ದುದು ಒಬ್ಬ ಅಮೆರಿಕನ್ ಎಂಜಿನಿಯರನ್ನು, ಮಿಸ್ಟರ್ ಗ್ಲೆನ್. ಕೆಲಸ ಮುಗಿದು ಊರಿಗೆ ಹೊರಟಾಗ ಆತ ಜಾಫರ್ ಭಾಯಿಗೆ ಒಂದು ಚಪ್ಪಟೆ ತಗಡಿನ ಟ್ರಂಕು ಕೊಟ್ಟು ಹೋದ. ತೆರೆದರೆ ಗುಲಾಬಿ ಬಣ್ಣದ ಬಬಲ್‌ಗಮ್ಮಿನ ವಾಸನೆ. ಒಳಗೆ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ರಟ್ಟಿನ ಕಾರ್ಡುಗಳು. ಮುಂದೆ ಟೋಪಿ ಹಾಕಿ ದೊಣ್ಣೆ ಹಿಡಿದ ಒಬ್ಬ. ಹಿಂದೆ ಅವನ ಆಟದ ಅಂಕಿಗಳು. ಅಮೆರಿಕದಲ್ಲಿ ಮಕ್ಕಳು ಇವನ್ನು ಚ್ಯೂಯಿಂಗ್ ಗಮ್ಮಿನ ಜೊತೆ ಕೊಳ್ಳುತ್ತಾರಂತೆ, ದೊಡ್ಡವರು ಕೂಡಿಡುತ್ತಾರಂತೆ, ಮುಂದೆ ಚಿನ್ನದ ಹಾಗೆ ಬೆಲೆ ಏರುತ್ತದಂತೆ. ಹೊಸದಾಗಿ ಆಟಕ್ಕೆ ಬಂದವನ ಮೊದಲ ವರ್ಷದ ಕಾರ್ಡು ಬಿಡಬೇಡ, ಮೂಲೆ ಮಡಚಬಾರದು, ತೇವ ತಾಗಬಾರದು, ಬೆರಳಿನ ಎಣ್ಣೆ ಅಂಟಬಾರದು ಎಂದು ಹೇಳಿ ವಿಮಾನ ಹತ್ತಿದನಂತೆ.

ನನಗೆ ಒಂದೂ ನಂಬಿಕೆ ಬರಲಿಲ್ಲ. ಚಿನ್ನವಾಗುವುದನ್ನು ಯಾರಾದರೂ ಡ್ರೈವರಿಗೆ ಕೊಟ್ಟು ಹೋಗುತ್ತಾರೆಯೇ? ಹಿಂಬದಿಯ ಅಂಕಿಗಳು ನಿಜವಾಗಿ ಆಟದವೋ, ಇನ್ನೇನಾದರೂ ಗುಟ್ಟಿನವೋ? ಪೊಲೀಸರು ಕೋಣೆಗೆ ಬಂದು ‘ಕಾರ್ಡು’ ಎಂದರೆ ಇಸ್ಪೀಟೆಂದುಕೊಳ್ಳರೇ? ಜೂಜಿನ ಆಪಾದನೆಗೆ ಆ ದೇಶದಲ್ಲಿ ಯಾರು ನಮ್ಮ ಪರ ಮಾತಾಡುವವರು? ಟ್ರಂಕು ಮಂಚದ ಅಡಿಗೆ ಹೋಯಿತು. ನನಗೆ ಅಮೆರಿಕನ್ ಮೇಲೆ ಸಂಶಯವಾದರೆ, ಜಾಫರ್ ಭಾಯಿಗೆ ಕೋಣೆಯ ಉಳಿದವರ ಮೇಲೆ. ಚಿಲಕಕ್ಕೆ ಒಂದು ಕಪ್ಪು ನೂಲು ಸುತ್ತಿ, ಕೆಲಸದಿಂದ ಬಂದೊಡನೆ ಅದರ ಗಂಟು ನೋಡುತ್ತಿದ್ದರು. ಉಳಿದವರಿಗೆ ನಮ್ಮಿಬ್ಬರ ಮೇಲೆ. ನಾವು ಬಾಗಿಲು ಹಾಕಿಕೊಂಡು ಏನೋ ಆಡುತ್ತೇವೆಂದು ಅಡುಗೆಯವನು ಸುದ್ದಿ ಹಬ್ಬಿಸಿದ್ದ.

ಆಡುತ್ತಿರಲಿಲ್ಲ, ಬೆಲೆ ಕಟ್ಟುತ್ತಿದ್ದೆವು. ಶುಕ್ರವಾರದ ಊಟವಾದ ಮೇಲೆ ಜಾಫರ್ ಭಾಯಿ ಹಾಸಿಗೆಯ ಮೇಲೆ ಬಿಳಿ ಲುಂಗಿ ಹಾಸಿ ಕಾರ್ಡುಗಳನ್ನು ಜೋಡಿಸುತ್ತಿದ್ದರು. ಬೇಸ್‌ಬಾಲ್ ಆಟವನ್ನು ನಾವಿಬ್ಬರೂ ಕಂಡವರಲ್ಲ. ಆದರೆ ಅವರಿಗೆ ಬಟ್ಟೆ ಗೊತ್ತಿತ್ತು. ಕಾರ್ಡನ್ನು ಬೆಳಕಿಗೆ ಹಿಡಿದು, ಓರೆಮಾಡಿ, ಬಣ್ಣ ನಿಲ್ಲುತ್ತದೋ ಇಲ್ಲವೋ ಎಂದು ಸೀರೆ ನೋಡುವ ಹಾಗೆ ನೋಡುತ್ತಿದ್ದರು. ನಗುವವನ ಕಾರ್ಡನ್ನು ಪಕ್ಕಕ್ಕೆ ಸರಿಸುವುದು, ಮುಖ ಬಿಗಿದವನನ್ನು ಉಳಿಸಿಕೊಳ್ಳುವುದು ಅವರ ಕ್ರಮ. “ಇವ ನಗ್ತಾನೆ ಮಾರಾಯ. ಮೊದಲ ವರ್ಷವೇ ನಗುವವ ಬಾಳಿಕೆ ಬರುವುದಿಲ್ಲ” ಎನ್ನುತ್ತಿದ್ದರು. ನಾನೋ, ಕಾಲೇಜಿನಲ್ಲಿ ಕಲಿತ ಸವಕಳಿಯ ಲೆಕ್ಕ ಹಾಕುತ್ತಿದ್ದೆ. ಯಂತ್ರಕ್ಕೆ ವಯಸ್ಸಾದಂತೆ ಬೆಲೆ ಇಳಿಯುವುದಾದರೆ ಆಟಗಾರನಿಗೂ ಇಳಿಯಬೇಕಲ್ಲ! ಬಟ್ಟೆಯ ಶಾಸ್ತ್ರಕ್ಕೂ ಕಾಮರ್ಸಿಗೂ ಜಗಳ ಹತ್ತಿ, ಇಳಿಹೊತ್ತಿನ ಅಸರ್ ಬಾಂಗಿನವರೆಗೂ ನಡೆಯುತ್ತಿತ್ತು. ಹೇಳಬೇಕೆಂದರೆ, ಆ ಮರುಭೂಮಿಯಲ್ಲಿ ನಾನು ಸುಖವಾಗಿದ್ದ ಹೊತ್ತು ಅದೊಂದೇ.

ಜಿಜಾನ್‌ನ ಗಾಳಿ ಗೊತ್ತಲ್ಲ. ಉಪ್ಪು, ತೇವ, ಅಂಟು. ಕಾರ್ಡುಗಳ ಅಂಚು ಉಬ್ಬತೊಡಗಿತು. ಜಾಫರ್ ಭಾಯಿ ಕಂಗಾಲಾದರು. ಆಮೇಲೆ ನಮ್ಮ ಜನ ಯಾರಾದರೂ ಮಾಡುತ್ತಿದ್ದುದನ್ನೇ ಮಾಡಿದರು. ಗಲ್ಫಿನಲ್ಲಿ ನಾವು ಲ್ಯಾಮಿನೇಷನ್ ಮಾಡಿಸದೆ ಬಿಟ್ಟದ್ದು ಯಾವುದು ಹೇಳಿ? ಇಕಾಮಾದ ಪ್ರತಿ, ಲೈಸೆನ್ಸು, ಮಗುವಿನ ಫೋಟೋ, ಪ್ರಯಾಣದ ದುವಾ, ಹೆಂಡತಿಯ ಕೈಬರಹದಲ್ಲಿದ್ದ ಮೀನು ಸಾರಿನ ಅಳತೆ, ಎಲ್ಲಕ್ಕೂ ಪ್ಲಾಸ್ಟಿಕ್ ಹೊದೆಸಿದರೆ ಅದು ಗಟ್ಟಿಯಾಯಿತು, ಇನ್ನು ಯಾರೂ ಕಿತ್ತುಕೊಳ್ಳಲಾರರು ಎಂಬ ಧೈರ್ಯ. ನನ್ನ ಡಿಗ್ರಿ ಸರ್ಟಿಫಿಕೇಟಿಗಂತೂ ಊರು ಬಿಡುವ ಮೊದಲೇ ಲ್ಯಾಮಿನೇಷನ್ ಆಗಿತ್ತು. ಪೇಟೆಯ ಕೇರಳದವನ ಅಂಗಡಿಯಲ್ಲಿ ಪ್ರತಿಯೊಬ್ಬ ಆಟಗಾರನೂ ಬಿಸಿ ಯಂತ್ರದೊಳಗೆ ಹೋಗಿ ಹೊಳೆಯುತ್ತ ಹೊರಬಂದ. ಬಬಲ್‌ಗಮ್ಮಿನ ವಾಸನೆ ಹೋಗಿ ಪ್ಲಾಸ್ಟಿಕ್ಕಿನ ವಾಸನೆ ಉಳಿಯಿತು.

ಅದೇ ಹೊತ್ತಿಗೆ ಘಟ್ಟದ ಮೇಲಿನ ಖಮೀಸ್ ಮುಶೈತಿನಲ್ಲಿ ಒಂದು ಕಂಪೆನಿಗೆ ಲೆಕ್ಕಿಗ ಬೇಕೆಂದು ಗೊತ್ತಾಯಿತು. ಮಿಸ್ಟರ್ ಗ್ಲೆನ್‌ನ ಗೆಳೆಯನೊಬ್ಬ, ಕಾರ್ಡಿನ ವಿಷಯ ಬಲ್ಲವನು, ಅಲ್ಲೇ ಇದ್ದ. ಇಬ್ಬರೂ ರಜೆ ಕೇಳಿ ಹೊರಟೆವು. ನನ್ನ ಸರ್ಟಿಫಿಕೇಟು ಸುರುಳಿ ಸುತ್ತದಿರಲೆಂದು ನಾನೇ ಅದನ್ನು ಟ್ರಂಕಿನ ತಳದಲ್ಲಿ ಚಪ್ಪಟೆಯಾಗಿ ಇಟ್ಟೆ. ಅದರ ಮೇಲೆ ಕಾರ್ಡುಗಳ ಭಾರ.

ಕಂಪೆನಿಯವರು ನನ್ನ ಸರ್ಟಿಫಿಕೇಟನ್ನು ತಿರುಗಿಸಿ ನೋಡಿ, ಹಿಂಬದಿಗೆ ರಾಯಭಾರ ಕಚೇರಿಯ ಮುದ್ರೆ ಬೇಕು, ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ಹೇಗೆ ಬೀಳುತ್ತದೆ ಎಂದು ಕೇಳಿದರು. ನಾನು ಅದನ್ನು ಮತ್ತೆ ಟ್ರಂಕಿನ ತಳದಲ್ಲಿಟ್ಟೆ. ಅಲ್ಲಿಂದ ಗ್ಲೆನ್‌ನ ಗೆಳೆಯನ ಮನೆಗೆ. ಆತ ಒಳ್ಳೆಯವನೇ ಇರಬೇಕು. ಕಾರ್ಡುಗಳನ್ನು ಕಂಡು ನಗಲಿಲ್ಲ. ಒಂದನ್ನು ಎತ್ತಿ, ಅಂಚನ್ನು ಉಗುರಿನಿಂದ ಗೀರಿ ನೋಡಿದ. ಹೀಗೆ ಪ್ಲಾಸ್ಟಿಕ್ಕಿನಲ್ಲಿ ಬೇಯಿಸಿದ್ದನ್ನು ಯಾರೂ ಕೊಳ್ಳುವುದಿಲ್ಲ, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ ಎಂದ. ಕೊನೆಗೆ, ಬಂದದ್ದಕ್ಕೆ ನೆನಪಿರಲಿ, ಒಂದನ್ನು ನನಗೆ ಕೊಡುತ್ತೀರಾ ಎಂದು ಕೇಳಿದ. ಜಾಫರ್ ಭಾಯಿ ಟ್ರಂಕಿನ ಮುಚ್ಚಳ ಹಾಕಿಬಿಟ್ಟರು.

ಘಟ್ಟ ಇಳಿಯುವಾಗ ಅವರ ಬಾಯಿ ಬಿಚ್ಚಿತು. “ಕಸ ಅಂದ. ಕಸವಾದರೆ ಅವನಿಗೆ ಎಂತಕ್ಕೆ? ನಾನು ಇಂಥ ಗಿರಾಕಿಗಳನ್ನು ಎಷ್ಟು ನೋಡಿಲ್ಲ. ಸೀರೆ ಸರಿ ಇಲ್ಲ ಸರಿ ಇಲ್ಲ ಅಂತ ಹೇಳಿ, ಅದೇ ಸೀರೆ ಹಿಡ್ಕೊಂಡು ಕೂರುವವರು.”

ನಾನು ಮತ್ತೆ ವಾಷರು ಎಣಿಸುವ ಚಿಂತೆಯಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದೆ. ಅವರು ಸ್ವಲ್ಪ ದೂರ ಬಂದ ಮೇಲೆ, ಈ ಬಾರಿ ಮೆಲ್ಲಗೆ ಹೇಳಿದರು. “ನಿನ್ನ ಕಾಗದವೂ ಹಾಗೆಯೇ ಬಿಕಾಂ. ಅವರು ಎಂತ ಬೇಕಾದರೂ ಹೇಳಲಿ. ಅದಕ್ಕೆ ಮುಂದೆ ಬೆಲೆ ಉಂಟು. ಜೋಪಾನ ಮಾಡು.”

ಬಟ್ಟೆಯವರ ಮಾತು, ಸಮಾಧಾನಕ್ಕೆ ಹೇಳುತ್ತಾರೆ ಎಂದುಕೊಂಡೆ.

ಘಟ್ಟ ಮುಗಿದು ಬಯಲಿಗೆ ಬಂದಾಗ ಹಸಿವಾಗಿತ್ತು. ರಸ್ತೆ ಒಂದು ಒಣ ಹೊಳೆಗೆ ಇಳಿದು ಆಚೆ ದಡಕ್ಕೆ ಹತ್ತುತ್ತಿತ್ತು. ಪಾತ್ರದ ನಡುವೆ ಒಂದು ಜಾಲಿ ಮರ, ಅದರಡಿ ತೊಳೆದಿಟ್ಟಂಥ ಮರಳು. ನಾವಿಬ್ಬರೂ ಕರಾವಳಿಯವರು. ನಮಗೆ ತುಂಬಿದ ಹೊಳೆಗೆ ಹೆದರಿ ಗೊತ್ತು. ನೀರಿಲ್ಲದ ಹೊಳೆಗೆ ಹೆದರಬೇಕೆಂದು ಯಾರೂ ಕಲಿಸಿರಲಿಲ್ಲ. ಕಾರನ್ನು ಮರಳಿಗಿಳಿಸಿ, ನೆರಳಿನಲ್ಲಿ ಕುಳಿತು ರೊಟ್ಟಿ ಬಿಚ್ಚಿದೆವು. ತಲೆಯ ಮೇಲೆ ಒಂದು ಮೋಡವಿಲ್ಲ. ನಾವು ಇಳಿದು ಬಂದ ಬೆಟ್ಟದ ತುದಿ ಮಾತ್ರ ಕಪ್ಪಾಗಿತ್ತು.

ದಡದ ಮೇಲೆ ಪಿಕಪ್ಪಿನಲ್ಲಿ ಆಡು ತುಂಬಿಕೊಂಡ ಒಬ್ಬ ಮುದುಕ ನಿಂತು ಹಾರ್ನ್ ಹೊಡೆಯತೊಡಗಿದ. ಕೈ ಬೀಸಿ, ‘ಸೈಲ್, ಸೈಲ್’ ಎಂದು ಕೂಗಿದ. ನಮಗೆ ಗೊತ್ತಿದ್ದ ಅರಬ್ಬಿ ಉಗ್ರಾಣದ್ದು ಮತ್ತು ಪೆಟ್ರೋಲ್ ಬಂಕಿನದ್ದು. “ಜಾಗ ಅವನದ್ದಿರಬೇಕು. ದುಡ್ಡು ಕೇಳ್ತಾನೆ, ಅತ್ತ ನೋಡಬೇಡ” ಎಂದರು ಜಾಫರ್ ಭಾಯಿ. ನನಗೂ ಹಾಗೆಯೇ ಅನ್ನಿಸಿತ್ತು. ನಮ್ಮನ್ನು ಬದುಕಿಸಲು ಬಂದವನ ಮೇಲೆಯೇ ನಾವು ಸಂಶಯಪಟ್ಟು ರೊಟ್ಟಿ ತಿನ್ನುತ್ತ ಕುಳಿತೆವು.

ಆಮೇಲೆ ಸದ್ದು. ಲಾರಿಯಿಂದ ಜಲ್ಲಿ ಸುರಿದ ಹಾಗೆ, ಆದರೆ ನಿಲ್ಲದ ಸದ್ದು. ತಿರುವಿನಲ್ಲಿ ಕಂದು ಬಣ್ಣದ ಒಂದು ನೀರಿನ ಗೋಡೆ ಕಾಣಿಸಿತು. ಅದೇ ಸೈಲ್, ಬೆಟ್ಟದ ಮಳೆಯ ನೆರೆ. ಅದರ ಮುಂದೆ ಮುಳ್ಳಿನ ಪೊದೆಗಳು ಉರುಳುತ್ತ ಬರುತ್ತಿದ್ದವು. ಇಬ್ಬರೂ ಓಡಿದೆವು. ಮುದುಕ ಕೈ ಹಿಡಿದು ನನ್ನನ್ನು ದಡಕ್ಕೆ ಎಳೆದುಕೊಂಡ. ತಿರುಗಿ ನೋಡಿದರೆ ಜಾಫರ್ ಭಾಯಿ ನನ್ನ ಹಿಂದೆ ಇರಲಿಲ್ಲ. ಕಾರಿನ ಡಿಕ್ಕಿ ತೆರೆದು ಟ್ರಂಕಿಗೆ ಕೈ ಹಾಕಿದ್ದರು.

ಇಲ್ಲಿಂದ ಮುಂದಿನದು ನನಗೆ ಕನಸಿನಲ್ಲೂ ಬರುತ್ತದೆ, ಬಸ್ಸಿನಲ್ಲಿ ಕುಳಿತಾಗಲೂ ಬರುತ್ತದೆ. ನೀರು ಮೊದಲು ಅವರ ಮೊಣಕಾಲಿಗೆ, ಉಸಿರೆಳೆಯುವುದರೊಳಗೆ ಸೊಂಟಕ್ಕೆ. ಕಾರು ಮೆಲ್ಲಗೆ ಅಡ್ಡ ತಿರುಗಿತು. ಟ್ರಂಕು ಅವರ ಎದೆಯ ಮಟ್ಟದಲ್ಲಿತ್ತು. ಮರುಗಳಿಗೆ ಕಾರ್ಡುಗಳೆಲ್ಲ ಕಂದು ನೀರಿನ ಮೇಲೆ ಹರಡಿ, ಬಲೆಯಿಂದ ಸುರಿದ ಬೂತಾಯಿ ಮೀನಿನಂತೆ ಹೊಳೆದವು. ಟೋಪಿ ಹಾಕಿದ ಆ ಮುಖಗಳು ಒಂದೂ ಮುಳುಗಲಿಲ್ಲ. ಮುಳುಗಿದ್ದು ಜಾಫರ್ ಭಾಯಿ. ಅವರು ಮತ್ತೆ ಕಾಣಿಸಿಕೊಂಡದ್ದು ಜಾಲಿ ಮರದ ಕೊಂಬೆಯಲ್ಲಿ, ಒಂದೇ ಕೈಯಲ್ಲಿ ನೇತಾಡುತ್ತ. ಇನ್ನೊಂದು ಕೈಯಿಂದ ಅಂಗಿಯ ಎದೆಯನ್ನು ಒತ್ತಿಹಿಡಿದಿದ್ದರು. ಎರಡೂ ಕೈ ಹಾಕಿ ಎಂದು ನಾನು ಕೂಗಿದೆ. ಅವರು ಹಾಕಲಿಲ್ಲ. ಮುದುಕ ಆಡು ಕಟ್ಟುವ ಹಗ್ಗದ ಒಂದು ತುದಿಯನ್ನು ಪಿಕಪ್ಪಿಗೆ ಬಿಗಿದು ಇನ್ನೊಂದನ್ನು ಎಸೆದ. ಎರಡು ಸಲ ತಪ್ಪಿತು.

ದಡಕ್ಕೆ ಬಂದು ಮರಳಿನಲ್ಲಿ ಮಲಗಿದ ಅವರ ಮೈಯೆಲ್ಲ ಮುಳ್ಳು. ಕೆಮ್ಮಿ ನೀರು ಕಾರಿದ ಮೇಲೆ ಅಂಗಿಯೊಳಗಿಂದ ನನ್ನ ಸರ್ಟಿಫಿಕೇಟು ತೆಗೆದು ಕೊಟ್ಟರು. “ನಾನು ಕಾರ್ಡಿಗೆ ಹೋದದ್ದು ಮಾರಾಯ. ಪೆಟ್ಟಿಗೆ ಒಡೆಯಿತು. ಕೈಗೆ ಸಿಕ್ಕಿದ್ದು ಇದು.”

ಆ ಮಾತನ್ನು ನಾನು ನಂಬಿದೆ. ಜೀವನದಲ್ಲಿ ಸಂಶಯವಿಲ್ಲದೆ ನಂಬಿದ ಕೆಲವೇ ಮಾತುಗಳಲ್ಲಿ ಅದೊಂದು. ನಂಬುವುದು ನನಗೆ ಅನುಕೂಲವೂ ಆಗಿತ್ತು. ಅವರು ಮತ್ತೆ ಹಲವು ವರ್ಷ ಅಲ್ಲೇ ಕಾರು ಓಡಿಸಿದರು. ಆ ಸರ್ಟಿಫಿಕೇಟಿಗೆ ಬದಲಾಗಿ ಯೂನಿವರ್ಸಿಟಿಯಿಂದ ಮುದ್ರೆ ಒತ್ತಬಹುದಾದ ನಕಲು ಪ್ರತಿ ತರಿಸಲು, ಈ ಹಾಳಾದ ಮೂಲಪ್ರತಿಯನ್ನೇ ಅರ್ಜಿಯ ಜೊತೆ ತೋರಿಸಬೇಕಾಯಿತು. ಅದರಿಂದ ನನಗೆ ಲೆಕ್ಕಿಗನ ಕೆಲಸವೂ, ಈಗ ನಾನು ಕುಳಿತು ಬರೆಯುತ್ತಿರುವ ಮನೆಯೂ ಆಯಿತು. ಆ ಕಾಲದ ಬೇಸ್‌ಬಾಲ್ ಕಾರ್ಡುಗಳಲ್ಲಿ ಹೆಚ್ಚಿನವಕ್ಕೆ ಇವತ್ತು ಬೆಲೆಯೇ ಇಲ್ಲವೆಂದು ಎಲ್ಲೋ ಓದಿದೆ. ಅಮೆರಿಕದಲ್ಲಿ ಎಲ್ಲರೂ ಬೆಲೆ ಏರುತ್ತದೆಂದು ಜೋಪಾನವಾಗಿ ಕೂಡಿಟ್ಟದ್ದೇ ಕಾರಣವಂತೆ. ನಗುವವನೂ ಬಾಳಿಕೆ ಬರಲಿಲ್ಲ, ಮುಖ ಬಿಗಿದವನೂ ಬರಲಿಲ್ಲ.

ಮೊನ್ನೆ ಮೆಟ್ಟಿಲಲ್ಲಿ ಸೋಡ ಹಿಡಿದು ಕುಳಿತಿದ್ದಾಗ ಹೊಳೆದದ್ದು ಇಷ್ಟೇ. ಅಂಗಡಿಯಾಕೆ ಡಬ್ಬಿ ಬೋರಲು ಹಾಕಿದಾಗ ಅವರ ಎರಡು ಮಣಿಕಟ್ಟುಗಳು ತಿರುಗಿದ ರೀತಿಯನ್ನು ನಾನು ಮೊದಲೇ, ಆ ಹೊಳೆಯಲ್ಲಿ, ನೋಡಿದ್ದೆ. ಸರ್ಟಿಫಿಕೇಟು ಇದ್ದದ್ದು ತಳದಲ್ಲಿ.

ಸಂಜೆ ಭಟ್ಕಳಕ್ಕೆ ಫೋನು ಮಾಡಿದೆ. ಜಾಫರ್ ಭಾಯಿ ಈಗ ಮಗಳ ಮನೆಯ ಕೆಳಗೆ ಒಂದು ಕೋಣೆಯಲ್ಲಿ ಲುಂಗಿ, ಟವೆಲು ಮಾರುತ್ತಾರೆ. ಅದನ್ನೇ ಅಂಗಡಿ ಎನ್ನುತ್ತಾರೆ. ಆರೋಗ್ಯ ಕೇಳಿದೆ, ವ್ಯಾಪಾರ ಕೇಳಿದೆ. ಆಮೇಲೆ ಕೇಳಿದೆ:

“ತಗಡಿನ ಪೆಟ್ಟಿಗೆ ಹೇಗೆ ಒಡೆಯುತ್ತದೆ ಭಾಯಿ?”

ಆ ಕಡೆ ಫ್ಯಾನು ತಿರುಗುವುದು ಕೇಳಿಸುತ್ತಿತ್ತು.

“ನಿನಗೆ ಈ ಪ್ರಾಯದಲ್ಲೂ ಸಂಶಯವೇ” ಎಂದರು ಕೊನೆಗೆ. “ಗಿರಾಕಿ ಬಂದಿದ್ದಾರೆ, ಇಡ್ತೇನೆ.”

ಗಿರಾಕಿ ಬಂದಿರಲಿಲ್ಲ. ಬಂದಿದ್ದರೆ ಅವರ ದನಿ ಬದಲಾಗುತ್ತದೆ. ಅಷ್ಟು ನನಗೆ ಗೊತ್ತು.

ಮರುದಿನ ಮರೆತುಬಂದ ಚೀಟಿಗಾಗಿ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯಾಕೆ ಅದನ್ನು ಜೋಪಾನವಾಗಿ ತೆಗೆದಿಟ್ಟಿದ್ದರು. ಲ್ಯಾಮಿನೇಷನ್ ಮಾಡಿಕೊಡಲೇ, ಹಾಗೇ ಬಿಟ್ಟರೆ ಹಾಳಾದೀತು ಎಂದರು. ಬೇಡವೆಂದೆ. ಅವರು ತೆಗೆದಿಟ್ಟದ್ದಕ್ಕೆ ಏನು ಕಾರಣವಿರಬಹುದೆಂದು ಯೋಚಿಸದೆ, ಚೀಟಿಯನ್ನು ಅಂಗಿಯ ಎದೆಯ ಜೇಬಿಗೆ ಹಾಕಿಕೊಂಡು, ಭಟ್ಕಳದ ಬಸ್ಸು ಯಾವಾಗ ಬರುತ್ತದೆಂದು ಕೇಳಿದೆ.